ಓಡಿಸದೆ ಹಕ್ಕಿ ನೋಡುವುದು

ಹಕ್ಕಿ ಕಂಡರೆ ಕೈ ಎತ್ತಿ ಒದರುವವನು ನಾನು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಿಕೋಟಾದ ನಮ್ಮ ದ್ರಾಕ್ಷಿ ತೋಟದಲ್ಲಿ ಹಣ್ಣಿಗೆ ಸಿಹಿ ಇಳಿಯಿತೆಂದರೆ ಹಕ್ಕಿಗಳಿಂದ ಅದನ್ನು ಕಾಯುವ ಕೆಲಸ ನನ್ನದು. ಉಳಿದವರು ಡಬ್ಬಿ ಬಡಿಯುತ್ತಾರೆ, ಕವಣೆ ಬೀಸುತ್ತಾರೆ. ನಾನು ಒಂದು ಸಲ 'ಹೋಯ್' ಎಂದರೆ ಪಕ್ಕದ ತೋಟದ ಹಕ್ಕಿಗಳೂ ಜಾಗ ಖಾಲಿ ಮಾಡುತ್ತವೆ. ಪಕ್ಕದವರು ಇದಕ್ಕಾಗಿ ಒಂದು ಕಪ್ ಚಹಾ ಕೂಡ ಕುಡಿಸಿಲ್ಲ.

ತೋಟಕ್ಕೆ ಎರಗುವ ಗುಲಾಬಿ ಮೈಯ ಕಬ್ಬಕ್ಕಿಗಳು ಎಷ್ಟೋ ದೇಶ ದಾಟಿ ಚಳಿಗಾಲ ಕಳೆಯಲು ಬರುತ್ತವಂತೆ. ಓದಿದವರು ಅವನ್ನು ಅತಿಥಿಗಳು ಎನ್ನುತ್ತಾರೆ. ಪಾಪ, ಅವರಿಗೆ ದ್ರಾಕ್ಷಿ ತೋಟವಿಲ್ಲ. ತೋಟವಿದ್ದೂ ನನ್ನ ಹೆಂಡತಿ ಮಹಾದೇವಿ ಅವರದೇ ಪಕ್ಷ. ಪ್ರತಿ ವರ್ಷ ಅದೇ ಮಾತು: "ಒಂದಿನಾರ ಹಕ್ಕಿ ಓಡಸಲಾರದ ಸುಮ್ಮ ಕುಂತು ನೋಡೂಣು ನಡೀರಿ. ಪಕ್ಷಿಧಾಮಕ್ಕ ಹೋಗೂಣು."

"ಕಟಾವು ಮುಗೀಲಿ," ಎನ್ನುತ್ತಿದ್ದೆ ನಾನು. ಕಟಾವು ಮುಗಿದರೆ ಒಣದ್ರಾಕ್ಷಿಯ ಕೆಲಸ, ಅದು ಮುಗಿಯುವಷ್ಟರಲ್ಲಿ ಹಕ್ಕಿಗಳು ತಮ್ಮ ಊರಿಗೆ.

ಹೋದ ವರ್ಷ ವಿಜಯಪುರದ ಕಣ್ಣಿನ ಡಾಕ್ಟರು, ಮಹಾದೇವಿಯ ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದರು. ಆಗ ನನಗೆ ಪುರುಸೊತ್ತು ಸಿಕ್ಕಿತು. ಇಂಥ ನಾಚಿಕೆಗೆಟ್ಟ ಪುರುಸೊತ್ತು ಯಾರಿಗೂ ಸಿಗದಿರಲಿ. ಈ ಸಲದ ಕಟಾವನ್ನು ತಮ್ಮನಿಗೆ ಒಪ್ಪಿಸಿ, ಬಸ್ಸು, ರೈಲು ಬದಲಿಸುತ್ತ ದಕ್ಷಿಣದ ಒಂದು ಪಕ್ಷಿಧಾಮಕ್ಕೆ ಹೋದೆವು.

ಅದು ನೀರಿನಲ್ಲಿ ನಿಂತ ಕಾಡು. ಪ್ರತಿ ಮರದ ಮೇಲೂ ಬೆಳ್ಳಗೆ ಕೊಕ್ಕರೆಗಳು. ಕಾವಲುಗಾರ ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ದಂಡೆಯ ಮೇಲೆ ಕೂರಿಸಿದ.

"ಕಂಡ್ವೇನು?" ಪಿಸುಗುಟ್ಟಿದೆ.

"ಹೂಂ, ಕಾಣಾಕತ್ತಾವ್ರಿ. ಭಾಳ ಚಂದ ಅದಾವು."

ಅವಳು ಬರಿಯ ನೀರಿನ ಕಡೆ ಮುಖ ಮಾಡಿ ಕೂತಿದ್ದಳು. ಮರಗಳಿದ್ದುದು ಬಲಕ್ಕೆ. ಇಷ್ಟು ದಿನ ಮನೆಯಲ್ಲೂ ಹೀಗೇ ಹೂಂಗುಟ್ಟುತ್ತಿದ್ದಳೇನೋ, ನಾನು ಗಮನಿಸಿರಲಿಲ್ಲ. ಒಂದೇ ಒಂದು ವರ್ಷದ ದ್ರಾಕ್ಷಿಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದರೆ ಏನು ಮುಳುಗುತ್ತಿತ್ತು? ಅಳು ಬಂತು. ಅಷ್ಟರಲ್ಲಿ ತಲೆಯ ಮೇಲೆ ಕಬ್ಬಕ್ಕಿಗಳ ಹಿಂಡೊಂದು ಹಾದುಹೋಯಿತು. ಮೂವತ್ತು ವರ್ಷದ ರೂಢಿ ನೋಡಿ, ನನಗೇ ತಿಳಿಯದಂತೆ ಎದ್ದು, ಎರಡೂ ಕೈ ಎತ್ತಿ ಒದರಿಬಿಟ್ಟೆ: "ಹೋಯ್!"

ಇಡೀ ಕಾಡೇ ಎದ್ದಿತು. ರೆಕ್ಕೆಗಳ ಸದ್ದಿಗೆ ಕಿವಿ ತುಂಬಿಹೋಯಿತು.

ಕಾವಲುಗಾರ ಓಡಿಬಂದ. "ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡ್ವೇನ್ರೀ?"

ಕೈ ಮುಗಿದೆ. ಅವನು ಹೇಳಿದ್ದು ಸರಿಯೇ ಇತ್ತು. ಅವಳ ಮುಖ ನೋಡುವ ಧೈರ್ಯವಿಲ್ಲದೆ ನಿಧಾನವಾಗಿ ತಿರುಗಿದೆ. ಮಹಾದೇವಿ ಆಕಾಶಕ್ಕೆ ಮುಖ ಎತ್ತಿ, ಬಾಯಿ ತೆರೆದು ನಗುತ್ತಿದ್ದಳು.

"ಯವ್ವಾ, ಎಷ್ಟ ಇದ್ವರಿ!" ಎಂದಳು. ಆಮೇಲೆ ನನ್ನ ತೋಳು ತಡವಿ ಹಿಡಿದು, ಕಾವಲುಗಾರನಿಗೆ ಕೇಳದಂತೆ, "ಇನ್ನೊಮ್ಮೆ ಒದರ್ರಿ" ಎಂದಳು.

ಒದರಲಿಲ್ಲ. ಹಕ್ಕಿಗಳು ಮತ್ತೆ ಕೂತವು. ಅವು ತಾವಾಗಿಯೇ ಎದ್ದು ಆ ಸದ್ದು ಅವಳಿಗೆ ಮತ್ತೆ ಕೇಳಿಸುವವರೆಗೆ ಅವಳ ಕೈ ಹಿಡಿದು ಕಾಯುತ್ತ ಕೂತೆ. ಇನ್ನು ಅವಸರ ಮಾಡಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.