ಆಕಳಿಸಿದಾಗ ಎದ್ದ ಕೈ

ಗೆಳೆಯರೇ, ಇವತ್ತು ಬೆಳಿಗ್ಗೆ ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ಆದದ್ದಿದು. ನಂಬುವುದು ನಿಮಗೆ ಬಿಟ್ಟದ್ದು.

ಸ್ಟ್ರೋಕ್ ಆದಾಗಿನಿಂದ ದೊಡ್ಡಪ್ಪನ ಬಲಗೈ ಒಂದಿಷ್ಟೂ ಎದ್ದಿರಲಿಲ್ಲ. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಮೂವತ್ತು ವರ್ಷ ಈರುಳ್ಳಿ ಮೂಟೆ ಎತ್ತಿದ ಕೈ ಅದು. ದೊಡ್ಡಮ್ಮ ದಿನವೂ ಅದಕ್ಕೆ ಎಣ್ಣೆ ತಿಕ್ಕುತ್ತಾರೆ, ಮೂರು ಹೊತ್ತೂ ತುತ್ತು ತಿನ್ನಿಸುತ್ತಾರೆ. ಇವತ್ತು ಫಿಸಿಯೋಥೆರಪಿ ಮಾಡಿಸುವ ಹುಡುಗಿ ಬಂದು ಕೂತಿದ್ದಳು. ದೊಡ್ಡಪ್ಪ ದೊಡ್ಡದಾಗಿ ಆಕಳಿಸಿದರು. ಬಲಗೈ ತಾನಾಗಿ ಎದ್ದು ಎದೆಯವರೆಗೆ ಬಂತು. ಆಕಳಿಕೆ ಮುಗಿದದ್ದೇ ತೊಡೆಯ ಮೇಲೆ ಬಿತ್ತು.

"ಏನ್ರೀ, ಇಷ್ಟ್ ದಿನ ಇಂಗೆ ನಾಟ್ಕ ಆಡ್ತಿದ್ರಾ? ತಿನ್ಸಿ ತಿನ್ಸಿ ನನ್ ಕೈ ಬಿದ್ದೋಯ್ತು," ಎಂದರು ದೊಡ್ಡಮ್ಮ.

"ನಾನ್ ಎತ್ಲಿಲ್ಲ ಕಣೇ," ಎಂದ ದೊಡ್ಡಪ್ಪ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು.

ಹುಡುಗಿ ನಕ್ಕಳು. "ನಾಟ್ಕ ಅಲ್ಲ ಆಂಟಿ. ಪೆಟ್ಟು ಬಿದ್ದಿರೋದು ಕೈಗಲ್ಲ, ಮೆದುಳಿಗೆ. ‘ಎತ್ತು’ ಅಂತ ಅಲ್ಲಿಂದ ಹೇಳಿ ಕಳ್ಸೋ ದಾರಿ ಕಟ್ಟಾಗಿದೆ. ಆಕಳಿಕೆ ಹುಟ್ಟೋ ಜಾಗಾನೇ ಬೇರೆ, ಅದು ಇನ್ನೊಂದು ದಾರೀಲಿ ಬಂದ್ಬಿಡತ್ತೆ. ಹಾಗಂತ ವಾಸಿ ಆಯ್ತು ಅಂದ್ಕೋಬೇಡಿ, ವ್ಯಾಯಾಮ ಬಿಡೋ ಹಾಗಿಲ್ಲ."

ನಾವೆಲ್ಲ ಸತ್ತೇ ಹೋಯಿತು ಅಂದುಕೊಂಡಿದ್ದ ಕೈ, ಯಾರ್ಡಿನಲ್ಲಿ ಕೂಗಿಗೆ ಕಾಯುವ ಹಮಾಲಿಯ ಹಾಗೆ ಸುಮ್ಮನೆ ಕೂತಿತ್ತು.

ದೊಡ್ಡಮ್ಮನಿಗೆ ಅರ್ಥವಾದದ್ದು ಆಕಳಿಕೆ ಮಾತ್ರ. ಆಗಿನಿಂದ ದೊಡ್ಡಪ್ಪನ ಎದುರು ಕೂತು ಆಕಳಿಸುತ್ತಿದ್ದಾರೆ. ಮನೆಮಂದಿಗೆಲ್ಲ ಅಂಟಿದೆ. ಕೈ ಇನ್ನೆರಡು ಸಲ ಎದ್ದಿತು. ಎರಡೂ ಸಲ, ಅದು ಬೀಳುವ ಮೊದಲೇ ದೊಡ್ಡಮ್ಮ ಹಿಡಿದುಕೊಂಡರು.