ಹಿಮದ ಗೇಟಿನಿಂದ ವಾಪಸ್

ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಂದ ಶೇಂಗಾ ಹಿಂಡಿಯ ವಾಸನೆ ನಮ್ಮ ತರಗತಿಯೊಳಗೇ ಬಂದು ಕೂರುತ್ತಿದ್ದ ಕಾಲ ಅದು. ನಾನಾಗ ಒಂಬತ್ತನೇ ತರಗತಿ. ಹಿಮಾಲಯದ ರಾಷ್ಟ್ರೀಯ ಉದ್ಯಾನವೊಂದಕ್ಕೆ ಹತ್ತು ಮಕ್ಕಳನ್ನು ಚಾರಣಕ್ಕೆ ಕರೆದೊಯ್ಯುವುದಾಗಿ ಡ್ರಿಲ್ ಮೇಷ್ಟ್ರು ಹೇಳಿದರು. ಖರ್ಚು ಶಾಲೆಯದು, ಉಣ್ಣೆ ಬಟ್ಟೆ ಮಾತ್ರ ನಮ್ಮದು. ಪಟ್ಟಿಯಲ್ಲಿ ನಾನೂ ಇದ್ದೆ, ಬಿ.ಜಿ. ಕೆರೆಯಿಂದ ಬರುತ್ತಿದ್ದ ಗೆಳತಿ ಓಬಮ್ಮನೂ ಇದ್ದಳು. ನನ್ನ ಅಕ್ಷರ ದುಂಡಗಿದ್ದುದರಿಂದ ಎಲ್ಲರ ಅರ್ಜಿ ತುಂಬುವ ಕೆಲಸ ನನಗೇ ಬಿತ್ತು.

ನಮಗೆಲ್ಲಿಯ ಸ್ವೆಟರ್? ಅವ್ವ ಆಗತಾನೇ ಮಗ್ಗದಿಂದ ಇಳಿದ ಕಂಬಳಿಯನ್ನು ಕತ್ತರಿಸಿ ಕೋಟು ಹೊಲಿದಳು. ಕಂಬಳಿ ಬಿರುಸಾಗಲೆಂದು ಹುಣಸೆಬೀಜದ ಗಂಜಿ ಬಳಿದಿರುತ್ತಾರೆ. ಬಿರುಸಿದ್ದಷ್ಟೂ ಬೆಚ್ಚಗೆಂದು ನಂಬಿದ್ದ ಅವ್ವ ಅದನ್ನು ತೊಳೆಯಲಿಲ್ಲ. ಅಭ್ಯಾಸಕ್ಕೆಂದು ಗುಡ್ಡ ಹತ್ತಿದ ದಿನ ಮಳೆ ಬಂತು. ಗಂಜಿ ಲೋಳೆಯಾಗಿ ಮೊಣಕಾಲಿಗಿಳಿದು ನಾತ ಹೊಡೆಯಿತು.

ಮೇಷ್ಟ್ರು ಮೂಗು ಮುಚ್ಚಿಕೊಂಡರು. "ಕುರಿ ಹಟ್ಟಿಗೆ ಹೋಗೋ ವೇಷ ಐತೆ ಇದು. ಇವಳನ್ನ ಕಟ್ಕೊಂಡು ಹೋದ್ರೆ ನನ್ ಮಾನ ಹೋಗ್ತೈತೆ" ಎಂದು ಎಲ್ಲರೆದುರು ನನ್ನ ಹೆಸರು ಹೊಡೆದು ಹಾಕಿದರು. ಅರ್ಜಿ ತುಂಬುವ ಕೆಲಸ ಮಾತ್ರ ಬಿಡಿಸಲಿಲ್ಲ.

ತುಂಬಿದೆ. ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಒಳಗೆ ಬಿಡುವುದಿಲ್ಲವೆಂದು ಅರ್ಜಿಯಲ್ಲೇ ಅಚ್ಚಾಗಿತ್ತು. ಅರ್ಜಿಗಳ ಜೊತೆಗಿದ್ದ ಆ ಸರ್ಟಿಫಿಕೇಟ್‌ಗಳನ್ನೆಲ್ಲ ತೆಗೆದು ಹಳೆಯ ಭೂಪಟದ ಸುರುಳಿಯೊಳಗೆ ತುರುಕಿ, ಮೇಷ್ಟ್ರು ಒಯ್ಯುವ ಲಕೋಟೆಗೆ ಅಷ್ಟೇ ಖಾಲಿ ಹಾಳೆ ಹಾಕಿ ಅಂಟಿಸಿದೆ. ಓಬಮ್ಮನದೂ ಅದರಲ್ಲಿತ್ತು, ಗೊತ್ತಿತ್ತು.

ಮೂರು ದಿನ ರೈಲು, ಬಸ್ಸು ಹಿಡಿದು ಹೋದವರನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಹೆಡ್‌ಮಾಸ್ತರರ ಮುಂದೆ ತಲೆ ತಗ್ಗಿಸಿ ನಿಂತ ಮೇಷ್ಟ್ರನ್ನು ಕಿಟಕಿಯಿಂದ ನೋಡುತ್ತಾ ಅವ್ವ ಕಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಅಷ್ಟು ರುಚಿ ಮತ್ತೆ ಸಿಕ್ಕಿಲ್ಲ.

"ಬಿಳೀ ಬೆಟ್ಟ ಗೇಟಿನಾಚೇಗೇ ಕಾಣ್ತಿತ್ತು ಕಣೇ," ಎಂದಳು ಓಬಮ್ಮ. ಆ ವರ್ಷವೇ ಮನೆಯವರು ಅವಳನ್ನು ಶಾಲೆ ಬಿಡಿಸಿದರು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಈ ಬೇಸಿಗೆಗೆ ನನ್ನ ಸಂಬಳದಲ್ಲಿ ಅದೇ ಉದ್ಯಾನಕ್ಕೆ ಹೊರಟಿದ್ದೇನೆ. ಮೇಷ್ಟ್ರಿಗೆ ಮಾಡಿದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ, ಇನ್ನೊಮ್ಮೆಯಾದರೂ ಅದನ್ನೇ ಮಾಡಿಯೇನು. ಮೊನ್ನೆ ಓಬಮ್ಮನಿಗೆ ಫೋನ್ ಮಾಡಿ, ಜೊತೆಗೆ ಬಾ ಎಂದು ಕರೆದೆ. ಸರ್ಟಿಫಿಕೇಟ್ ಬಚ್ಚಿಟ್ಟವಳು ನಾನೇ ಎಂದೂ ಹೇಳಿಬಿಟ್ಟೆ.

"ನಂದೊಂದಾದ್ರೂ ಒಳಗಿಡಬಾರದಿತ್ತೇನೇ?" ಎಂದು ಕೇಳಿ ಫೋನಿಟ್ಟಳು.