ಕೊಕ್ಕಿನ ಮೇಲಿನ ಮೊಸರನ್ನ

ವಾಸುದೇವರಾಯರು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ನಿನ್ನೆಯ ಪತ್ರಿಕೆಯನ್ನು. ಪಂಜರದ ತಳಕ್ಕೆ ಹಾಸಿದ್ದ ಅದನ್ನು ಎಳೆದು, ಕನ್ನಡಕ ಹಣೆಗೇರಿಸಿ, ಗಿಳಿಗಳ ಹಿಕ್ಕೆಯನ್ನು ಪರೀಕ್ಷಿಸುವರು. ಆಮೇಲೆ ಕೊಕ್ಕು, ಕಾಲು, ಎದೆ. ಕಾಫಿ ಏನಿದ್ದರೂ ಅದಾದ ಮೇಲೆ. "ಹಕ್ಕಿ ತನ್ನ ಬ್ಯಾನಿ ಮುಚ್ಚಿಡತದರೀ. ಅದು ಹೇಳೂದಿಲ್ಲ, ನಾವ ನೋಡಬೇಕು," ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆ. ವಿಜಯವಾಡದ ಗವರ್ನರ್‌ಪೇಟೆಯ ಒಂದು ಮಹಡಿಯಲ್ಲಿ ನಮ್ಮಿಬ್ಬರದು ಎದುರುಬದುರು ಕೋಣೆ. ಅವರು ಧಾರವಾಡದವರು, ನಮ್ಮ ಬ್ಯಾಂಕಿನ ಹೆಡ್ ಕ್ಯಾಷಿಯರ್. ನಾನು ಮೈಸೂರಿನಿಂದ ಬಂದ ಹೊಸ ಗುಮಾಸ್ತ. ಹೆಂಡತಿ ತೀರಿಕೊಂಡ ಮೇಲೆ ರಾಯರ ಸಂಸಾರವೆಂದರೆ ಆ ಪುಟ್ಟ ಲವ್ ಬರ್ಡ್ಸ್ ಜೋಡಿ: ಹಸಿರು ಗಂಡು, ನೀಲಿ ಹೆಣ್ಣು. ಬ್ಯಾಂಕಿನಲ್ಲಿ ಅವರಿಗೆ 'ಹಿಕ್ಕೆ ಜೋಯಿಸರು' ಎಂದು ಹೆಸರಿಟ್ಟವನು ನಾನೇ.

ಎರಡು ತಿಂಗಳ ಮಟ್ಟಿಗೆ ಅವರನ್ನು ವಿಶಾಖಪಟ್ಟಣದ ಬಂದರಿನ ಶಾಖೆಗೆ ಕಳಿಸಿದರು. ಪಂಜರ ನನ್ನ ಕೋಣೆಗೆ ಬಂತು. "ಬರೇ ನವಣಿ, ನೀರು. ಕೊಕ್ಕಿನ ಮ್ಯಾಲೆ ಬೆಳ್ಳಗ ಕಂಡ್ರ ಹುಳ ಬಿದ್ದದಂತ ತಿಳೀರಿ. ತಡಾ ಮಾಡಬ್ಯಾಡ್ರಿ, ದವಾಖಾನಿಗೆ ಒಯ್ಯಿರಿ."

ನಮ್ಮ ಮೈಸೂರು ಕಡೆಯವರಿಗೆ ಮೊಸರನ್ನ ಅಮೃತ. ಹಕ್ಕಿಗೆ ಯಾಕೆ ಕಡಿಮೆ ಮಾಡಲಿ? ದಿನಾ ಒಂದು ತುತ್ತು ಇಟ್ಟೆ. ಕೊಕ್ಕಿನ ಬುಡ ಬೆಳ್ಳಗಾದಾಗ, ಮೊಸರನ್ನ ಒಣಗಿದೆ ಎಂದುಕೊಂಡೆ. ಒರೆಸಿ ನೋಡಲೂ ಇಲ್ಲ. ರಾಯರಿಂದ ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್: "ಕೊಕ್ಕು ನೋಡಿದಿರಾ?" ನಾನು ಬ್ಯಾಂಕಿನ ಮೇಜಿನ ಮುಂದೆಯೇ ಕೂತು "ಹಕ್ಕಿಗಳು ಕ್ಷೇಮ" ಎಂದು ಬರೆದು ಹಾಕುತ್ತಿದ್ದೆ.

ಅವರು ಮರಳುವ ಹೊತ್ತಿಗೆ ಗಂಡಿನ ಕೊಕ್ಕು ಹಳೇ ಸುಣ್ಣದ ಗೋಡೆಯಂತೆ ಹೊಪ್ಪಳೆ ಎದ್ದು, ಸೊಟ್ಟಗಾಗಿ, ಕಾಳು ಒಡೆಯಲಾರದೆ ಹೋಗಿತ್ತು. ಕಣ್ಣು ಮುಚ್ಚಿ, ಪುಕ್ಕ ಉಬ್ಬಿಸಿ ಕೂತಿತ್ತು.

"ಯಾವಾಗಿಂದ?"

"ನಾಲ್ಕು ದಿನ ಆಯ್ತು, ಸಾರ್."

ರಾಯರು ನನ್ನ ಮುಖ ನೋಡಿದರು, ಪಂಜರ ಎತ್ತಿಕೊಂಡು ಹೊರಟರು; ನಾನೂ ಹಿಂದೆ ಹೋದೆ. ದನದ ಆಸ್ಪತ್ರೆಯ ಡಾಕ್ಟರೂ ಅದನ್ನೇ ಕೇಳಿದರು: "ಎನ್ನಿ ರೋಜುಲಯಿಂದಿ?" ನಾನು ಬಾಯಿ ತೆರೆಯುವ ಮೊದಲೇ ರಾಯರು, "ರೆಂಡು ನೆಲಲು, ಡಾಕ್ಟರ್‌ಗಾರು. ನೇನು ಚೂಡಲೇದು. ತಪ್ಪು ನಾದೇ," ಎಂದರು. ಎರಡು ತಿಂಗಳಿಂದ ತಾವೇ ನೋಡಲಿಲ್ಲವೆಂದು ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು. ನಾಚಿಕೆಯಿಂದ ನಾನು ಕುಗ್ಗಿಹೋದೆ, ಆದರೂ ಬಾಯಿ ಬಿಡಲಿಲ್ಲ.

ಡಾಕ್ಟರು ಕೊಟ್ಟ ಎಣ್ಣೆಯಲ್ಲಿ ಹತ್ತಿ ಅದ್ದಿ ರಾಯರೇ ಹಚ್ಚಿದರು. ಗಂಡು ಮೂರನೆಯ ದಿನ ಸತ್ತಿತು. ಹೆಣ್ಣು ಉಳಿಯಿತು.

ಮರುವರ್ಷ ಅವರಿಗೆ ವಿಶಾಖಪಟ್ಟಣಕ್ಕೇ ವರ್ಗವಾಯಿತು. ಸ್ಟೇಷನ್ನಿನಲ್ಲಾದರೂ ನಿಜ ಹೇಳಿಬಿಡಬೇಕೆಂದು ಹೋಗಿದ್ದೆ. ನಾನು ಪಂಜರಕ್ಕೆ ಕೈ ಹಾಕಿದಾಗ ಅವರು ಮೆಲ್ಲಗೆ, "ನೀವು ಸೂಟ್‌ಕೇಸ್ ಹಿಡೀರಿ," ಎಂದರು. ಹಿಡಿದೆ. ಗಾಡಿ ಹೊರಟಿತು, ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು.

ತಿಂಗಳಾದ ಮೇಲೆ ಒಂದು ಕಾರ್ಡು ಬಂತು. ಅವರಿಂದ ಬಂದದ್ದು ಅದೇ ಕೊನೆ. ನಾನು ಉತ್ತರ ಬರೆಯಲಿಲ್ಲ. ಅದರಲ್ಲಿ ಇದ್ದದ್ದು ಒಂದೇ ಸಾಲು:

"ಹಕ್ಕಿ ಕ್ಷೇಮ. ನೋಡಿಯೇ ಬರೆದಿದ್ದೇನೆ."